ತುಮಕೂರಿನ ಕಾನ್ವೆಂಟ್ ಹೈಸ್ಕೂಲಿಗೆ ಸೇರಿಸಿದರೆ ಮಗಳು ನಮ್ಮ ಆಚಾರ ಮರೆತುಬಿಡುತ್ತಾಳಾ?

"ಪ್ರಾರ್ಥನೆ ಹೊತ್ತಲ್ಲಿ ಸುಮ್ನೆ ತುಟಿ ಆಡಿಸು ಅಂತ ಹೇಳಿಕೊಟ್ಟರೆ ಸಾಕಲ್ವಾ?" ಅಂತ ಕೇಳಿದ್ದೀರಿ ನೋಡಿ, ಅದನ್ನು ಓದಿ ಸುಮ್ಮನಿರೋಕೆ ಆಗಲಿಲ್ಲ. ನಿಮ್ಮದು ಲಿಂಗಾಯತರ ಮನೆ. ಮಗಳು ಎಂಟನೇ ಕ್ಲಾಸಿಗೆ ಕ್ಯಾಥೊಲಿಕ್ ಶಾಲೆಗೆ ಹೋಗಬೇಕು. ಅಲ್ಲಿ ದಿನಾ ಪ್ರಾರ್ಥನೆ ಇರುತ್ತೆ ಅಂತ ನಿಮಗೆ ಭಯ. 1993ರಲ್ಲಿ ನಮ್ಮ ಮನೆ ಜಗಲಿಯ ಮೇಲೂ ಇದೇ ಮಾತು ನಡೆದಿತ್ತು.

ನಮ್ಮದು ಗುಬ್ಬಿ ಹತ್ತಿರದ ಹಳ್ಳಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ತುಮಕೂರಿಗೆ ಹೋಗಬೇಕಿತ್ತು. ಶಾಲೆಯ ಹೆಸರು ಬೇಡ. ಮೊದಲ ದಿನ ಅಪ್ಪ ಸ್ಟೇಷನ್ನಿನಲ್ಲಿ ಹೇಳಿದ್ದು ಇಷ್ಟೇ: "ಅಲ್ಲಿ ಎಲ್ಲರೂ ಏನ್ ಮಾಡ್ತಾರೋ ನೀನೂ ಅದನ್ನೇ ಮಾಡು. ಗುಂಪಿನಲ್ಲಿ ಗೋವಿಂದ. ಎದ್ದು ಕಾಣಬೇಡ." ಅಪ್ಪನ ಉದ್ದೇಶ ಒಳ್ಳೆಯದೇ. ಆದರೆ ಆಮೇಲೆ ಆದದ್ದಕ್ಕೆಲ್ಲ ಬುಡ ಅದೇ ಮಾತು.

ಒಂದು ವರ್ಷ ಏನೂ ತೊಂದರೆ ಆಗಲಿಲ್ಲ. ಬೆಳಿಗ್ಗೆ ಅಸೆಂಬ್ಲಿಯಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ", ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಹೊಡೆದರೆ ಎದ್ದು ನಿಂತು ಒಂದು ನಿಮಿಷದ ಪ್ರಾರ್ಥನೆ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶದ ಕ್ಲಾಸಿಗೆ ಹೋದರೆ ನಮಗೆ ಮಾರಲ್ ಸೈನ್ಸ್. ಮಾರಲ್ ಸೈನ್ಸ್ ಅಂದರೆ ಮುಕ್ಕಾಲು ಪಾಲು ದಿನ ಹೋಂವರ್ಕ್ ಮುಗಿಸಿಕೊಳ್ಳೋ ಪೀರಿಯಡ್. ಅಕ್ಟೋಬರ್ ಬಂದರೆ ಏಸುವಿನ ತಾಯಿ ಮರಿಯಮ್ಮನ ಗವಿಯ ಮುಂದೆ ಜಪಸರ. ನಾನು ರೈಲಿಗೆ ಹೊತ್ತಾಗುತ್ತೆ ಅಂತ ಎಣಿಸುತ್ತಾ ನಿಲ್ಲುತ್ತಿದ್ದೆ, ಮರಿಯಮ್ಮನ ಅದೇ ಪ್ರಾರ್ಥನೆ 53 ಸಲ ಬರುತ್ತೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಚರ್ಚಿನಲ್ಲಿ ಆಲ್ಟರ್ ಬಾಯ್. ಅಂದರೆ ಪೂಜೆಯಲ್ಲಿ ಫಾದರ್ ಪಕ್ಕ ನಿಂತು ಗಂಟೆ ಬಾರಿಸೋದು, ನೀರು ಕೊಡೋದು ಮಾಡುವ ಹುಡುಗ. ಅದಕ್ಕೇ ಎಲ್ಲರೂ ಅವನನ್ನು 'ಸ್ವಾಮಿ' ಅನ್ನುತ್ತಿದ್ದೆವು. ಹತ್ತನೇ ಕ್ಲಾಸ್ ಆದ ಮೇಲೆ ಸೆಮಿನರಿಗೆ ಸೇರಿ ನಿಜವಾದ ಸ್ವಾಮಿಯೇ ಆಗಬೇಕು ಅಂತ ಅವನಿಗೆ ಆಸೆ. ಅವನ ತಾಯಿ ನಮ್ಮ ಶಾಲೆಯಲ್ಲೇ ಆಯಾ. ತಪಸ್ಸು ಕಾಲ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಆ ದಿನಗಳ ಶುಕ್ರವಾರ ಅವರ ಮನೆಯಲ್ಲಿ ಮಾಂಸ ಮಾಡುತ್ತಿರಲಿಲ್ಲ. ನನ್ನ ಡಬ್ಬಿ ಇಣುಕಿ, "ನಿಮಗೆ ವರ್ಷಪೂರ್ತಿ ತಪಸ್ಸು ಕಾಲ ಬಿಡಪ್ಪ" ಅಂತ ನಗುತ್ತಿದ್ದ. ಆ ತಪಸ್ಸು ಕಾಲ ಶುರುವಾಗೋದು ವಿಭೂತಿ ಬುಧವಾರದಿಂದ. ಹಿಂದಿನ ವರ್ಷದ ಗರಿಗಳ ಹಬ್ಬದ ಒಣಗಿದ ಗರಿಗಳನ್ನು ಸುಟ್ಟು ಆ ಬೂದಿಯಲ್ಲಿ ಹಣೆಗೆ ಶಿಲುಬೆ ಗುರುತು ಹಾಕುತ್ತಾರೆ. ಆ ದಿನ ನನ್ನ ಹಣೆಯಲ್ಲಿ ಮೂರು ಗೆರೆ ವಿಭೂತಿ, ಅವನ ಹಣೆಯಲ್ಲಿ ಬೂದಿ ಶಿಲುಬೆ. "ಇವತ್ತು ಇಬ್ರೂ ಒಂದೇ ಪಾರ್ಟಿ" ಅಂದಿದ್ದ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

1994, ಸೆಪ್ಟೆಂಬರ್ 8. ಮರಿಯಮ್ಮನವರ ಹುಟ್ಟುಹಬ್ಬ. ಬೆಂಗಳೂರಿನ ಶಿವಾಜಿನಗರದಲ್ಲಿ ಕಾವಿ ಬಟ್ಟೆ ಉಟ್ಟ ಭಕ್ತರಿಂದ ರಸ್ತೆ ತುಂಬಿಹೋಗುತ್ತಲ್ಲ, ಅದೇ ಹಬ್ಬ. ಸ್ವಾಮಿಯ ತಾಯಿಯೂ ಆವತ್ತು ಕಾವಿ ಸೀರೆ ಉಟ್ಟಿದ್ದರು. ಇಡೀ ಶಾಲೆಗೆ ಚರ್ಚಿನಲ್ಲಿ ಬಲಿಪೂಜೆ, ಇಂಗ್ಲಿಷಿನಲ್ಲಿ ಮಾಸ್ ಅನ್ನುತ್ತಾರಲ್ಲ ಅದು. ಬೇರೆ ಧರ್ಮದ ಮಕ್ಕಳೆಲ್ಲ ಹಿಂದೆ ಕೂರಬೇಕು, ಅದು ರೂಢಿ. ಆದರೆ ಮನೆಯಲ್ಲಿ ಅಜ್ಜಿ ಜೊತೆ ವಚನ ಹಾಡಿ ಹಾಡಿ ನನಗೆ ಸ್ವಲ್ಪ ಕಂಠ ಇತ್ತು. ಸಿಸ್ಟರ್ ನನ್ನನ್ನು ಹಾಡೋರ ಗುಂಪಿಗೆ ಹಾಕಿದ್ದರು. ಹಾಗಾಗಿ ನಾನು ಮುಂದಿನ ಬೆಂಚಿನಲ್ಲಿದ್ದೆ, ಅಕ್ಕಪಕ್ಕ ಎಲ್ಲ ಕ್ಯಾಥೊಲಿಕ್ ಮಕ್ಕಳು.

ಪರಮಪ್ರಸಾದದ ಹೊತ್ತಿಗೆ, ಅಂದರೆ ಫಾದರ್ ಒಂದು ತೆಳು ರೊಟ್ಟಿಯನ್ನು ಒಬ್ಬೊಬ್ಬರ ಬಾಯಿಗೆ ಇಡುವಾಗ, ಬೆಂಚಿಗೆ ಬೆಂಚೇ ಎದ್ದಿತು. ನಾನೂ ಎದ್ದೆ. ಗುಂಪಿನಲ್ಲಿ ಗೋವಿಂದ! ಹಬ್ಬಕ್ಕೆ ಬೇರೆ ಊರಿನಿಂದ ಬಂದಿದ್ದ ಫಾದರ್, ಅವರಿಗೆ ನಮ್ಮ ಮುಖ ಗೊತ್ತಿಲ್ಲ. ನನ್ನ ಮುಂದಿದ್ದವನು "ಆಮೆನ್" ಅಂದ, ನಾನೂ "ಆಮೆನ್" ಅಂದೆ. ಬಾಯಿಂದ ಬಿದ್ದರೆ ಹಿಡಿಯೋಕೆ ಅಂತ ಗಲ್ಲದ ಕೆಳಗೆ ಹಿತ್ತಾಳೆ ತಟ್ಟೆ ಹಿಡಿದು ನಿಂತವನು ಸ್ವಾಮಿ. ಕಣ್ಣು ಇಷ್ಟಗಲ ಆಯಿತು ಅವನಿಗೆ. ಆದರೆ ಆ ಜಾಗದಲ್ಲಿ ಬಾಯಿ ಬಿಡುವಂತಿಲ್ಲ, ತಟ್ಟೆ ಮುಂದಕ್ಕೆ ಸರಿಯಿತು.

ರೂಪಾಯಿ ನಾಣ್ಯದಷ್ಟು ಅಗಲ, ಬಿಳಿ, ಹಪ್ಪಳಕ್ಕಿಂತ ತೆಳು. ಬರೀ ಗೋಧಿ ಹಿಟ್ಟು, ನೀರು. ಉಪ್ಪಿಲ್ಲ, ಸಿಹಿ ಇಲ್ಲ. ಹೋಗಿ ಅಂಗುಳಕ್ಕೆ ಅಂಟಿಕೊಂಡಿತು. ಬೆಂಚಿಗೆ ವಾಪಸ್ ಬಂದಾಗ ನನ್ನ ತಲೆಗೆ ಬಂದದ್ದು ಒಂದೇ ಯೋಚನೆ: ಪ್ರಸಾದ ಅಲ್ವಾ, ಒಬ್ಬನೇ ತಿನ್ನೋದಾ? ಅಜ್ಜಿಗೆ ಬೇಡ್ವಾ? ನಮ್ಮಲ್ಲಿ ಅಷ್ಟಾವರಣ ಅಂತ ಭಕ್ತನನ್ನು ಕಾಯುವ ಎಂಟು ಇವೆ, ಅದರಲ್ಲಿ ಪ್ರಸಾದವೂ ಒಂದು. ಜಾತ್ರೆಗೆ ಹೋದವರು ಮನೆಯವರಿಗೆ ಪ್ರಸಾದ ತರದೆ ಬರಿಗೈಯಲ್ಲಿ ಬಂದರೆ ಅಜ್ಜಿ ಬೈಯ್ಯುತ್ತಿದ್ದಳು. ಮೆಲ್ಲಗೆ ಕರ್ಚೀಫಿಗೆ ತೆಗೆದುಕೊಂಡೆ. ಕ್ಲಾಸಿಗೆ ಬಂದ ಮೇಲೆ ಮುರಿಯಬಾರದು ಅಂತ ಕಂಪಾಸ್ ಬಾಕ್ಸಿನಲ್ಲಿ ಕೋನಮಾಪಕದ ಕೆಳಗೆ ಇಟ್ಟೆ. ಎಷ್ಟು ಜೋಪಾನ ನೋಡಿ.

ಮಧ್ಯಾಹ್ನ ಲೆಕ್ಕದ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನ ಹುಡುಗ ಕೈವಾರ ಬೇಕು ಅಂತ ಬಾಕ್ಸ್ ತೆಗೆದ. ತೆಗೆದವನು ಕಿರುಚಿದ. ಸಿಸ್ಟರ್ ಬಂದು ನೋಡಿ ಬೈಯಲಿಲ್ಲ. ಅಂಗೈಯಿಂದ ಬಾಕ್ಸ್ ಮುಚ್ಚಿ ಹಿಡಿದರು. ಆ ಕೈ ನಡುಗುತ್ತಿತ್ತು. ಕ್ಯಾಥೊಲಿಕರಿಗೆ ಅದು ನೆನಪಿನ ಗುರುತೂ ಅಲ್ಲ, ಪ್ರಸಾದದ ತರಹದ್ದೂ ಅಲ್ಲ. ಪೂಜೆಯಲ್ಲಿ ಆ ರೊಟ್ಟಿ ಕ್ರಿಸ್ತನ ಶರೀರವೇ ಆಗುತ್ತೆ ಅನ್ನೋದು ಅವರ ನಂಬಿಕೆ. ಅವರ ಮಕ್ಕಳೇ ಅದಕ್ಕೆಂದು ಪಾಠ ಕಲಿತು, ಪಾಪನಿವೇದನೆ ಮಾಡಿ, ಆಮೇಲೆ ಮೊದಲ ಸಲ ಸ್ವೀಕರಿಸುತ್ತಾರೆ. ನಾನು ಅದನ್ನು ಎಂಜಲು ಸಮೇತ ಕೋನಮಾಪಕದ ಕೆಳಗಿಟ್ಟಿದ್ದೆ.

ಇದು ತಪ್ಪು ಅಂತ ನೀವು ಅಂದುಕೊಂಡಿರುತ್ತೀರಿ. ಅಲ್ಲ. ಇದು ಗೊತ್ತಿಲ್ಲದೆ ಆದದ್ದು. ತಪ್ಪು ಆಮೇಲಿನದು.

ನಮ್ಮ ಚರ್ಚಿನ ಫಾದರ್ ತಮ್ಮ ಕೋಣೆಗೆ ಕರೆಸಿ ಮೂರು ಪ್ರಶ್ನೆ ಕೇಳಿದರು. "ಗೊತ್ತಿದ್ದು ತಗೊಂಡೆಯಾ?" ಇಲ್ಲ ಅಂದೆ. ಅದು ನಿಜ. "ಯಾಕೆ ಇಟ್ಟುಕೊಂಡೆ?" ಇಲ್ಲಿ "ಅಜ್ಜಿಗೆ" ಅಂದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಈಗಲೂ ಹಾಗೇ ಅನ್ನಿಸುತ್ತೆ. ಆದರೆ ಅಜ್ಜಿ ಹೆಸರು ಎತ್ತಿದರೆ ಮನೆಗೆ ಹೇಳಿ ಕಳಿಸುತ್ತಾರೆ, ಅಪ್ಪನಿಗೆ ಗೊತ್ತಾಗುತ್ತೆ, ನಾನು ಎದ್ದು ಕಂಡುಬಿಡುತ್ತೇನೆ. ಸುಮ್ಮನೆ ನಿಂತೆ. ಮೂರನೆಯದು: "ಲೈನಿನಲ್ಲಿ ಬಾ ಅಂತ ಯಾರಾದರೂ ಹೇಳಿದ್ರಾ?"

ಸ್ವಾಮಿ ಹೆಸರು ಹೇಳಿದೆ.

ಪೂರ್ತಿ ಸುಳ್ಳೂ ಅಲ್ಲ ಅದು. ವಾರದ ಹಿಂದೆ ರುಚಿ ಹೇಗಿರುತ್ತೋ ಅಂತ ಅವನನ್ನು ಕೇಳಿದ್ದೆ. "ಬಂದು ನೋಡು, ಗೊತ್ತಾಗುತ್ತೆ" ಅಂತ ನಕ್ಕಿದ್ದ. ನಕ್ಕದ್ದನ್ನು ಬಿಟ್ಟು ಮಾತನ್ನು ಮಾತ್ರ ಫಾದರ್ ಮುಂದಿಟ್ಟೆ. ಮರುದಿನ ಹೋಗಿ "ಅವನು ತಮಾಷೆಗೆ ಹೇಳಿದ್ದು ಫಾದರ್" ಅನ್ನಬಹುದಿತ್ತು. ಮರುದಿನ ಶುಕ್ರವಾರ, ಹೋಗಲಿಲ್ಲ. ಶನಿವಾರ ಹೋಗಲಿಲ್ಲ. ಆ ಕೋಣೆಯ ಬಾಗಿಲಿನವರೆಗೆ ಎರಡು ಸಲ ಹೋಗಿ, ಶೂ ಲೇಸ್ ಕಟ್ಟುವವನ ಹಾಗೆ ಬಗ್ಗಿ, ವಾಪಸ್ ಬಂದಿದ್ದೇನೆ. ಹದಿನಾಲ್ಕು ವರ್ಷದ ಹುಡುಗನ ಹೆದರಿಕೆ ಅಂತ ನನ್ನ ಹೆಂಡತಿ ಸಮಾಧಾನ ಹೇಳುತ್ತಾಳೆ. ಇರಬಹುದು. ಆದರೆ ಸ್ವಾಮಿಗೂ ಹದಿನಾಲ್ಕೇ. ಫಾದರ್ ಎದುರು ಅವನು "ಹೌದು, ಅಂದಿದ್ದೆ" ಅಂತ ಒಪ್ಪಿಕೊಂಡನಂತೆ. ತಮಾಷೆಗೆ ಅಂತ ಅವನೂ ಹೇಳಲಿಲ್ಲವಂತೆ.

ನನಗೆ ಒಂದು ಏಟೂ ಬೀಳಲಿಲ್ಲ. ಅವನನ್ನು ಆಲ್ಟರ್ ಸೇವೆಯಿಂದ ಇಡೀ ವರ್ಷಕ್ಕೆ ತೆಗೆದರು. ಅವನ ತಾಯಿ ಚರ್ಚಿನ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಹಿಡಿದು ಅತ್ತದ್ದನ್ನು ನಾನು ಜಾಮಿಟ್ರಿ ಮಾಡುತ್ತಾ ಕಿಟಕಿಯಿಂದ ನೋಡಿದೆ. ಹತ್ತನೇ ಕ್ಲಾಸ್ ಮುಗಿಸಿ ಅವನು ಸೆಮಿನರಿಗೆ ಹೋಗಲಿಲ್ಲ, ಐಟಿಐ ಸೇರಿದ. ಅದಕ್ಕೇನಾ, ಬೇರೆ ಕಾರಣಕ್ಕಾ, ಕೇಳುವ ಮುಖ ನನಗಿರಲಿಲ್ಲ. ಎರಡು ವರ್ಷ ಒಂದೇ ಕ್ಲಾಸಿನಲ್ಲಿದ್ದೂ ಮಾತಿಲ್ಲ. ಡಿಸೆಂಬರಿನಲ್ಲಿ ಗೋದಲಿಗೆ (ಏಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರಕ್ಕೆ) ಹಸಿರು ಬೇಕು ಅಂತ ತಟ್ಟೆಯಲ್ಲಿ ರಾಗಿ ಮೊಳಕೆ ಬೆಳೆಸುತ್ತಾರೆ. ಸಿಸ್ಟರ್ ಬೇಕಂತಲೇ ನಮ್ಮಿಬ್ಬರಿಗೆ ಆ ಕೆಲಸ ಕೊಟ್ಟರು. ಒಂದು ದಿನ ಅವನು ನೀರು ಹಾಕುತ್ತಿದ್ದ, ಒಂದು ದಿನ ನಾನು. ಪೈರು ಚೆನ್ನಾಗೇ ಬಂತು.

ಅಜ್ಜಿಗೆ ನಾನೇ ಹೇಳಿದೆ, ಆ ಭಾನುವಾರ. ಅವಳು ಲಿಂಗಪೂಜೆ ಮುಗಿಸಿ, ಲಿಂಗ ಇಡುವ ಕರಡಿಗೆಯನ್ನು ಮುಚ್ಚುತ್ತಿದ್ದಳು. ಪೂರ್ತಿ ಕೇಳಿ, "ಅಲ್ಕಣ್ಲಾ, ನನ್ ಲಿಂಗಾನ ಯಾವನೋ ಬಂದು ಎತ್ಕೊಂಡು ಜೇಬಿಗೆ ಹಾಕ್ಕೊಂಡ್ರೆ ನಿಂಗೆ ಹೆಂಗಾಗ್ತದೆ?" ಅಂದಳು. ಓದು ಬರಹ ಬಾರದವಳು. ವರ್ಷಪೂರ್ತಿ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕೂತ ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಸೋಮವಾರ ನನ್ನ ಜೊತೆಯೇ ರೈಲು ಹತ್ತಿ, ನಾಲ್ಕು ತೆಂಗಿನಕಾಯಿ ಚೀಲದಲ್ಲಿ ಹಾಕಿಕೊಂಡು ಬಂದಳು. ಫಾದರ್ ಮುಜುಗರಪಟ್ಟು ಕಾಯಿ ತಗೊಂಡು ಕಾಫಿ ತರಿಸಿದರು. ಬಾಕ್ಸಿನಲ್ಲಿ ಸಿಕ್ಕ ಆ ರೊಟ್ಟಿಯನ್ನೇನು ಮಾಡಿದಿರಿ ಅಂತ ಅಜ್ಜಿ ಕೇಳಿದಳು. ಒಂದು ಗಾಜಿನ ಲೋಟದ ನೀರಿನಲ್ಲಿ ಹಾಕಿಟ್ಟು, ಪೂರ್ತಿ ಕರಗಿದ ಮೇಲೆ ಯಾರೂ ತುಳಿಯದ ಕಡೆ ಮಣ್ಣಿಗೆ ಸುರಿದರಂತೆ. ಮಲ್ಲಿಗೆ ಬಳ್ಳಿಯ ಬುಡ ತೋರಿಸಿದರು. ಅಜ್ಜಿ ಆ ಬುಡಕ್ಕೆ ಕೈಮುಗಿದಳು. ಅಷ್ಟೆಲ್ಲ ಆದಾಗಲೂ ಸ್ವಾಮಿಯ ವಿಷಯ ನಾನು ಬಾಯಿ ಬಿಡಲಿಲ್ಲ. ಅಜ್ಜಿಗೂ ಆ ಭಾಗ ಹೇಳಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಮಗಳು ಆಚಾರ ಮರೆಯುತ್ತಾಳಾ ಅನ್ನೋ ಪ್ರಶ್ನೆಯೇ ಸರಿ ಇಲ್ಲ. ತುಮಕೂರಿನವರಾಗಿ ನೀವು ಹೀಗೆ ಕೇಳಬಾರದು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಪ್ರಾರ್ಥನೆ ಮಾಡುತ್ತಾರೆ, ಅದರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದಾರೆ. ಅಲ್ಲಿ ಓದಿದ ಮುಸ್ಲಿಂ ಹುಡುಗರು ಲಿಂಗಾಯತರಾಗಿಬಿಟ್ಟರಾ? ಮನೆಯಲ್ಲಿ ಆಚಾರ ಇದ್ದರೆ ಇರುತ್ತೆ. ಮನೆಯಲ್ಲೇ ಇಲ್ಲದಿದ್ದರೆ ಯಾವ ಶಾಲೆಗೆ ಹಾಕಿದರೂ ಅಷ್ಟೇ.

ತುಟಿ ಆಡಿಸು ಅಂತ ಮಾತ್ರ ದಯವಿಟ್ಟು ಹೇಳಿಕೊಡಬೇಡಿ. ನಟನೆ ಮಾಡಿಸಿದರೆ ಮಗು ಅಲ್ಲಿ ನಡೆಯೋದು ಏನು ಅಂತ ಕೇಳೋದನ್ನೇ ಬಿಡುತ್ತೆ. "ಎದ್ದು ನಿಲ್ಲು, ಗೌರವ ಕೊಡು, ಹೇಳಬೇಕು ಅನ್ನಿಸದಿದ್ದರೆ ಹೇಳಬೇಡ, ಗೊತ್ತಾಗದಿದ್ದರೆ ಸಿಸ್ಟರನ್ನು ಕೇಳು" ಅನ್ನಿ. ಎಲ್ಲರೂ ಎದ್ದಾಗ ಕೂತಿರೋಕೆ ಧೈರ್ಯ ಬೇಕು, ಅದನ್ನು ಮನೆಯಲ್ಲೇ ಕೊಟ್ಟು ಕಳಿಸಿ. ಕಾನೂನೂ ನಿಮ್ಮ ಕಡೆ ಇದೆ. ಸಂವಿಧಾನದ 28(3)ನೇ ವಿಧಿ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಸಮ್ಮೇಳನವೇ 2024ರಲ್ಲಿ ತನ್ನ ಶಾಲೆಗಳಿಗೆ ಹೇಳಿದೆ: ನಮ್ಮ ಸಂಪ್ರದಾಯವನ್ನು ಬೇರೆ ಧರ್ಮದ ಮಕ್ಕಳ ಮೇಲೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ ಅಂತ. ಅಡ್ಮಿಷನ್ ಫಾರಂ ಓದಿ ಸಹಿ ಹಾಕಿ, ಅಷ್ಟು ಸಾಕು. ಜಗಳಕ್ಕೆ ಹೋಗೋ ಅಗತ್ಯ ಬರೋದಿಲ್ಲ. ಬರೀ ಇಂಗ್ಲಿಷಿಗೋಸ್ಕರ ಸೇರಿಸುತ್ತಿದ್ದರೆ ಮಾತ್ರ ಬೇಡ. ಅದಕ್ಕೆ ತುಮಕೂರಿನಲ್ಲಿ ಬೇರೆ ಶಾಲೆಗಳು ಬೇಕಾದಷ್ಟಿವೆ.

ಸ್ವಾಮಿಯನ್ನು ಆಮೇಲೆ ಒಂದೇ ಸಲ ನೋಡಿದೆ. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ, ಮಠದ ದರ್ಶನದ ಸಾಲಿನಲ್ಲಿ. ತಲೆ ಬೆಳ್ಳಗಾಗಿತ್ತು. ನಾನು "ಅವತ್ತು ಫಾದರ್ ಹತ್ರ..." ಅಂತ ಶುರು ಮಾಡಿದೆ. "ಬಿಡೋ ಅದನ್ನ" ಅಂದ. ಗಂಟೆಗಟ್ಟಲೆ ಜೊತೆಗೇ ನಡೆದೆವು, ಅವನ ಕೆಲಸ, ನನ್ನ ಮಕ್ಕಳು, ಹೀಗೇ ಮಾತು. ದಾಸೋಹದಲ್ಲಿ ಎಲೆಯ ಮುಂದೆ ಕೂತಾಗ, ಬಡಿಸಿದ್ದನ್ನು ನೋಡಿ ನನ್ನ ಕಡೆ ತಿರುಗಿದ. "ಇದನ್ನ ಮನೆಗೆ ತಗೊಂಡ್ ಹೋಗ್ಬೋದಾ, ಇಲ್ಲಾ ಇಲ್ಲೇ ತಿನ್ಬೇಕಾ?"

ಹೊರಗೆ ಬಂದ ಮೇಲೆ ಫೋನ್ ನಂಬರ್ ಕೇಳಿದೆ. "ಸಿಗೋಣ" ಅಂತ ಕೈ ಎತ್ತಿ ಕ್ಯಾತ್ಸಂದ್ರದ ಕಡೆ ನಡೆದುಹೋದ.