ಹಳೆ ಸೇನಾ ರೈಫಲ್‌ನಲ್ಲಿ ಗುಂಡು ಹಾರಿಸಿದ ಮೇಲೆ ನಳಿಗೆಗೆ ಬಿಸಿನೀರು ಹಾಕೋದು ಯಾಕೆ? ತುಕ್ಕು ಹಿಡಿಯಲ್ವಾ?

ಕೇಳೋಕೆ ಉಲ್ಟಾ ಅನಿಸುತ್ತೆ, ಆದರೆ ತುಕ್ಕು ತಡೆಯೋಕೇ ನೀರು ಹಾಕುವುದು.

ತೊಂದರೆ ಮದ್ದಿನದಲ್ಲ, ಪ್ರೈಮರ್‌ನದು. ಅಂದ್ರೆ ತೋಟೆಯ ಹಿಂಬದಿಯಲ್ಲಿ ಫೈರಿಂಗ್ ಪಿನ್ ಬಡಿಯುವ ಆ ಪುಟ್ಟ ಬಟ್ಟಲು. ಹಳೆ ಸೇನಾ ತೋಟೆಗಳಲ್ಲಿ ಹೆಚ್ಚಿನವಕ್ಕೆ ಪೊಟ್ಯಾಸಿಯಂ ಕ್ಲೋರೇಟ್ ಇರುವ ಪ್ರೈಮರ್ ಹಾಕುತ್ತಿದ್ದರು. ಅದು ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತೆ, ಅಡುಗೆ ಉಪ್ಪಿನ ಹತ್ತಿರದ ನೆಂಟ. ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನೋಕೆ ಶುರುಮಾಡುತ್ತೆ, ಮಳೆಗಾಲದಂಥ ಹವೆಯಲ್ಲಿ ಸುಮ್ನೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ನಳಿಗೆಯೊಳಗೆ ಕಂದು ಪುಡಿ ಕಾಣಿಸಿದರೂ ಆಶ್ಚರ್ಯವಿಲ್ಲ.

ಉಪ್ಪು ಎಣ್ಣೆಯಲ್ಲಿ ಕರಗಲ್ಲ. ಎಷ್ಟೇ ದುಬಾರಿ ಎಣ್ಣೆ ಸವರಿದರೂ ಅಡಿಯಲ್ಲಿ ಅದು ಹಾಗೇ ಕೂತಿರುತ್ತೆ. ನೀರಿಗಾದರೆ ತಕ್ಷಣ ಕರಗುತ್ತೆ. ಬಿಸಿ ಯಾಕೆಂದರೆ, ಕಾದ ಉಕ್ಕು ತಾನಾಗೇ ಬೇಗ ಒಣಗುತ್ತೆ. ಲೀ-ಎನ್‌ಫೀಲ್ಡ್ ರೈಫಲ್‌ಗಳ ಕಾಲದಲ್ಲಿ ಬ್ರಿಟಿಷ್ ಸೇನೆ ಇದಕ್ಕೆಂದೇ ಆಲಿಕೆ ಕೊಡುತ್ತಿತ್ತು.

ರೈಫಲ್ ಖಾಲಿ ಇದೆಯಾ ನೋಡಿ, ಬೋಲ್ಟ್ (ತೋಟೆಯನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಭಾಗ) ತೆಗೆದು, ಹಿಂದಿನಿಂದ ನೀರು ಸುರಿಯಿರಿ. ಬೋಲ್ಟ್‌ನ ಮುಖವನ್ನೂ ತೊಳೆಯಿರಿ, ಜಾಸ್ತಿ ಜನ ಮರೆಯೋದು ಇದನ್ನೇ. ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ.

ಎಸ್‌ಕೆಎಸ್, ಎಂ1 ಗ್ಯಾರಂಡ್‌ನಂಥ ಗ್ಯಾಸ್ ರೈಫಲ್‌ಗಳಲ್ಲಿ, ಅಂದ್ರೆ ಗುಂಡು ಹಾರಿದಾಗಿನ ಅನಿಲದ ಒತ್ತಡದಿಂದಲೇ ಮುಂದಿನ ತೋಟೆ ತುಂಬಿಕೊಳ್ಳುವಂಥವುಗಳಲ್ಲಿ, ಕೆಲಸ ಇನ್ನೂ ಇದೆ, ಉಪ್ಪು ಗ್ಯಾಸ್ ಸಿಲಿಂಡರ್ ಮತ್ತು ಪಿಸ್ಟನ್‌ಗೂ ಹೋಗಿರುತ್ತೆ. ಇದೇ ಬಗೆಯ ಹಗುರ ರೈಫಲ್ ಆದ ಎಂ1 ಕಾರ್ಬೈನ್‌ನಲ್ಲಿ ಸೈನಿಕರು ಪಿಸ್ಟನ್ ಬಿಚ್ಚಿ ತೊಳೆಯೋದು ಕಷ್ಟ ಅಂತಲೇ ಅಮೆರಿಕ ಅದರ ತೋಟೆಗೆ ಮೊದಲಿನಿಂದಲೂ ಉಪ್ಪುಳಿಯದ ಪ್ರೈಮರ್ ಹಾಕಿತ್ತು.