ಜೆಡೆಫ್ರೆ ಅಣ್ಣನನ್ನು ಕೊಂದನೇ?

ಗೀಜಾದ ಮಹಾ ಪಿರಮಿಡ್ಡನ್ನು ಕಟ್ಟಿಸಿದ ಪ್ರಾಚೀನ ಈಜಿಪ್ಟಿನ ರಾಜ ಖುಫುವಿನ ಮಗ, ಅವನ ನಂತರ ಆಳಿದ ಜೆಡೆಫ್ರೆಯ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕೊಲೆಯ ಕಥೆಯನ್ನು ಮತ್ತೆ ಮತ್ತೆ ಕೇಳುತ್ತವೆ. ಇದಕ್ಕೆ ಒಮ್ಮೆ ವಿವರವಾಗಿ ಉತ್ತರಿಸುವುದು ಅಗತ್ಯವೆನಿಸಿದೆ.

ಪ್ರಶ್ನೆ: ಜೆಡೆಫ್ರೆ ತನ್ನ ಅಣ್ಣ ಕವಾಬನನ್ನು ಕೊಂದು ಅತ್ತಿಗೆ ಹೆಟೆಫೆರೆಸಳನ್ನು ಮದುವೆಯಾದನೆಂದೂ, ಆ ದ್ವೇಷದಿಂದ ತಮ್ಮ ಖಾಫ್ರೆ ಅವನ ಪಿರಮಿಡ್ಡನ್ನು ಕೆಡವಿಸಿದನೆಂದೂ ಓದಿದೆ. ನಿಜವೇ?

ಉತ್ತರ: ಕವಾಬನ ಕೊಲೆಯಾಯಿತು ಎನ್ನುವ ಒಂದೇ ಒಂದು ಶಾಸನವಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೀಜಾದ ಸಮಾಧಿಗಳನ್ನು ಅಗೆದ ಜಾರ್ಜ್ ರೈಸ್ನರ್ ರಾಜಮನೆತನದ ಒಳಜಗಳವನ್ನು ಊಹಿಸಿದರು. ಆ ಊಹೆಯನ್ನೇ ಜನಪ್ರಿಯ ಲೇಖಕರು ಚರಿತ್ರೆಯಾಗಿಸಿದ್ದಾರೆ. ತಾನೂ ಖುಫುವಿನ ಮಗಳೇ ಆಗಿದ್ದ ಹೆಟೆಫೆರೆಸ್ ವಿಧವೆಯಾದ ಮೇಲೆ ಜೆಡೆಫ್ರೆಯ ಕೈಹಿಡಿದಳೆಂದೇ ಒಪ್ಪಿಕೊಂಡರೂ, ಮಲಸಹೋದರ ಸಹೋದರಿಯರ ವಿವಾಹ ರೂಢಿಯಲ್ಲಿದ್ದ ಆ ಮನೆತನದಲ್ಲಿ ಅದು ಅಪರಾಧಕ್ಕೆ ಸಾಕ್ಷಿಯಾಗುವುದಿಲ್ಲ. 1954ರಲ್ಲಿ ಮಹಾ ಪಿರಮಿಡ್ಡಿನ ದಕ್ಷಿಣಕ್ಕೆ ಖುಫುವಿನ ದೋಣಿಯನ್ನು ಹೂತಿಟ್ಟಿದ್ದ ಗುಂಡಿ ತೆರೆದಾಗ, ಅದನ್ನು ಮುಚ್ಚಿದ್ದ ಕಲ್ಲುಗಳ ಮೇಲೆ ಜೆಡೆಫ್ರೆಯ ಹೆಸರು ಕಂಡಿತು. ಅಂದರೆ ತಂದೆಯ ಅಂತ್ಯಕ್ರಿಯೆಯನ್ನು ನೆರವೇರಿಸಿದವನು ಇವನೇ.

ಗೀಜಾಕ್ಕೆ ಉತ್ತರದಲ್ಲಿ ಸುಮಾರು 8 ಕಿಲೋಮೀಟರ್ ದೂರದ ಅಬು ರವಾಶ್ ಗುಡ್ಡದ ಮೇಲಿರುವ ಅವನ ಪಿರಮಿಡ್ಡಿನ ಪಾದ ಒಂದೊಂದು ಬದಿಗೆ ಸುಮಾರು 106 ಮೀಟರ್ ಇತ್ತು. ಅದು ಹಾಳಾದದ್ದು ತಮ್ಮನ ಸಿಟ್ಟಿನಿಂದಲ್ಲ, ಕಲ್ಲಿನ ಬೇಡಿಕೆಯಿಂದ. ರೋಮನ್ನರ ಕಾಲದಿಂದಲೇ ಅಲ್ಲಿಂದ ಕಲ್ಲು ಸಾಗಿಸಲಾಗುತ್ತಿತ್ತು, ಹತ್ತೊಂಬತ್ತನೆಯ ಶತಮಾನದಲ್ಲಿ ದಿನಕ್ಕೆ 300 ಒಂಟೆಗಳ ಹೊರೆ ಹೋಗುತ್ತಿತ್ತೆಂದು ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ದಾಖಲಿಸಿದ್ದಾರೆ. ಚೂರುಚೂರಾಗಿ ಸಿಕ್ಕ ಪ್ರತಿಮೆಗಳನ್ನು ಕಂಡು ಮೊದಲ ಶೋಧಕರು ಸೇಡಿನ ಕಥೆಯನ್ನು ನಂಬಿದ್ದು ಅರ್ಥವಾಗುತ್ತದೆ. ಆದರೆ 1995ರಿಂದ ಪುರಾತತ್ವಜ್ಞ ಮಿಶೆಲ್ ವಲ್ಲೋಜಿಯಾ ನೇತೃತ್ವದಲ್ಲಿ ನಡೆದ ಉತ್ಖನನ, ಹಾನಿಗೆ ಕಲ್ಲು ಸಾಗಾಟವೇ ಕಾರಣವೆಂದು ತೋರಿಸಿದ ನಂತರವೂ ಅದನ್ನೇ ಮುದ್ರಿಸುವುದು ಅಕ್ಷಮ್ಯ. ಸತ್ತ ರಾಜನ ಮೇಲೆ ಕೊಲೆಯ ಆರೋಪ ಹೊರಿಸುವಾಗಲೂ ಪುರಾವೆ ಬೇಕು.

ಅವನ ಬಗ್ಗೆ ನಿಜವಾಗಿ ಮಹತ್ವದ ಸಂಗತಿ ಬೇರೆಯೇ ಇದೆ: 'ರಾ ದೇವನ (ಸೂರ್ಯದೇವನ) ಮಗ' ಎಂಬ ಬಿರುದನ್ನು ಮೊದಲು ಧರಿಸಿದ ರಾಜ ಇವನೇ, ಮುಂದೆ ಅದು ಫೇರೋಗಳ, ಅಂದರೆ ಈಜಿಪ್ಟಿನ ರಾಜರ, ಬಿರುದಾಗಿ ಉಳಿಯಿತು. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಪ್ರಶ್ನೆ: ಹೆಟೆಫೆರೆಸಳ ಕೂದಲು ಹೊಂಬಣ್ಣದ್ದಾಗಿದ್ದರಿಂದ ಅವಳ ತಾಯಿ ಲಿಬಿಯಾದವಳೇ?

ಉತ್ತರ: ಮಗಳು ಮೆರೆಸಂಖಳ ಸಮಾಧಿಯಲ್ಲಿರುವ ಒಂದು ಹಳದಿ ಬಣ್ಣದ ಚಿತ್ರದಿಂದ ವಂಶಾವಳಿ ಬರೆಯಬಾರದು; ಅದನ್ನು ಈಗ ತಲೆಯ ಅಲಂಕಾರವೆಂದೇ ಓದಲಾಗುತ್ತದೆ.

ಪ್ರಶ್ನೆ: ಮನೆಯಲ್ಲಿ ತಾಮ್ರದ ಪಿರಮಿಡ್ ಇಟ್ಟರೆ ಕಾಯಿಲೆ ವಾಸಿಯಾಗುವುದೇ?

ಉತ್ತರ: ಇಲ್ಲ. ಅದನ್ನು ಮಾರುವವರಿಗೆ ಹಣ ಕೊಡಬೇಡಿ, ವೈದ್ಯರನ್ನು ಕಾಣಿ.

ಪ್ರಶ್ನೆ: ಜೆಡೆಫ್ರೆಯ ಮನೆತನದ ಪ್ರತಿಮೆಗಳು ಎಲ್ಲಿವೆ?

ಉತ್ತರ: ಕೆಂಪು ಕ್ವಾರ್ಟ್ಜೈಟ್ ಕಲ್ಲಿನಲ್ಲಿ ಕಡೆದ ಜೆಡೆಫ್ರೆಯ ಶಿರ ಮತ್ತು ಅವನ ಮಗ ಸೆಟ್ಕಾ ಲಿಪಿಕಾರನಂತೆ ಕುಳಿತಿರುವ ಪ್ರತಿಮೆ, ಎರಡೂ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ಅಬು ರವಾಶ್‌ಗೇ ಹೋಗುವವರು ನಡುವಿನ ಆಳವಾದ ಗುಂಡಿಯ ಅಂಚಿನಿಂದ ದೂರ ನಿಲ್ಲಬೇಕು, ನೆನಪಿಗೆಂದು ಒಂದು ಕಲ್ಲಿನ ಚೂರನ್ನೂ ತರಬಾರದು.