ಅಲ್ಲಿನ ಬೇಸಿಗೆ ಎಂದರೆ ಅಲ್ಲಿನ ಮಳೆಗಾಲ, ಮೇಷ್ಟ್ರೇ

ಓದುಗರ ಪತ್ರ: "ಜೂನ್ ಕೊನೆಗೆ ಅಮೆರಿಕದ ಫ್ಲಾರಿಡಾಕ್ಕೆ, ಟ್ಯಾಂಪಾದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ನಾನು ನಿವೃತ್ತ ಶಾಲಾ ಮೇಷ್ಟ್ರು, ಮನೆಯವಳಿಗೆ ಮಂಡಿನೋವು. ಅಳಿಯ ಏಳು ದಿನಕ್ಕೆ ಏಳು ಜಾಗ ಅಂತ ಪಟ್ಟಿ ಕಳಿಸಿದ್ದಾನೆ, ಮೊದಲನೆಯದೇ ಎವರ್‌ಗ್ಲೇಡ್ಸ್. ಆ ಸೆಖೆಯಲ್ಲಿ ಪ್ರಕೃತಿ ನೋಡೋಕಾಗತ್ತಾ? ಮಗಳಿಗೆ ಮಾವು, ಕರಿಬೇವು ಒಯ್ಯಬಹುದೇ?" — ಒಬ್ಬ ಓದುಗರು, ದಾವಣಗೆರೆ

ಮೇಷ್ಟ್ರೇ, ನಿಮ್ಮ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಹಳೆಯದೆಲ್ಲ ನೆನಪಾಗಿ ಕಾಲು ತುರಿಸಿಕೊಂಡೆ. ಒಂದು ಜುಲೈನಲ್ಲಿ ನಾನೂ ಅಕ್ಕನ ಮನೆಯವರ ಜೊತೆ ಎವರ್‌ಗ್ಲೇಡ್ಸ್‌ಗೆ ಹೋಗಿದ್ದೆ. ಕಾರಿನ ಬಾಗಿಲು ತೆಗೆದದ್ದೇ ತಡ, ಸೊಳ್ಳೆಗಳು ಮದುವೆ ದಿಬ್ಬಣದ ಹಾಗೆ ಒಳಗೆ ಬಂದವು. ಹತ್ತು ನಿಮಿಷ ನಡೆದಿರಬಹುದು, ಅಷ್ಟರಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬೆನ್ನು ಹೊಡೆದುಕೊಳ್ಳುತ್ತಾ ವಾಪಸ್ ಓಡಿದೆವು. ನೋಡಿದ್ದು ಒಂದೇ ಒಂದು ಮೊಸಳೆ, ಅದೂ ಕಾರಿನ ಕಿಟಕಿಯಿಂದ.

ಜಾಗ ಕೆಟ್ಟದ್ದಲ್ಲ. 1947ರಲ್ಲಿ ರಾಷ್ಟ್ರೀಯ ಉದ್ಯಾನವಾದ ದೊಡ್ಡ ಜೌಗುನಾಡು ಅದು. ಅಲ್ಲಿ ಆಲಿಗೇಟರ್, ಕ್ರೊಕೊಡೈಲ್ ಎರಡೂ ಒಂದೇ ನೀರಿನಲ್ಲಿ ಬದುಕುತ್ತವೆ. ತಪ್ಪಿದ್ದು ನಾವು ಹೋದ ತಿಂಗಳು. ನೀವು ಏಪ್ರಿಲ್‌ನಲ್ಲಿ ಕಬಿನಿ ಹಿನ್ನೀರಿಗೆ ಹೋಗಿದ್ದರೆ ತಕ್ಷಣ ಅರ್ಥವಾಗುತ್ತದೆ: ಕಾಡಿನ ಹೊಂಡಗಳೆಲ್ಲ ಒಣಗಿದಾಗ ಆನೆಗಳು ಇರುವ ನೀರಿಗೇ ಬರಬೇಕು, ಅದಕ್ಕೇ ಹಿಂಡು ಹಿಂಡಾಗಿ ಕಾಣಿಸುತ್ತವೆ. ಎವರ್‌ಗ್ಲೇಡ್ಸ್‌ನಲ್ಲಿ ಆ ಒಣ ಕಾಲ ಡಿಸೆಂಬರ್‌ನಿಂದ ಏಪ್ರಿಲ್. ಜೂನ್ ಜುಲೈನಲ್ಲಿ ಎಲ್ಲೆಲ್ಲೂ ನೀರು, ಪ್ರಾಣಿಗಳು ಚದುರಿಹೋಗಿರುತ್ತವೆ, ಸೊಳ್ಳೆ ಮಾತ್ರ ಹಾಜರ್. ಟ್ಯಾಂಪಾದಿಂದ ನಾಲ್ಕು ಗಂಟೆ ದಾರಿ ಬೇರೆ. ಮಂಡಿನೋವಿನವರನ್ನು ಕೂರಿಸಿಕೊಂಡು ಹೋಗಬೇಕಾ? ನಾನಾಗಿದ್ದರೆ ಹೋಗಲ್ಲ.

ಭೂಗೋಳ ಕಲಿಸಿದವರಿಗೆ ನಾನೇನು ಹೇಳಲಿ, ಆದರೂ ಹೇಳುತ್ತೇನೆ. ಟ್ಯಾಂಪಾ ಕರ್ಕಾಟಕ ವೃತ್ತಕ್ಕಿಂತ ಮೇಲಿದೆ, 28 ಡಿಗ್ರಿ ಉತ್ತರ. ಉಪೋಷ್ಣ ವಲಯ ಅಂತ ಪಾಠ ಮಾಡಿರುತ್ತೀರಿ. ಹೆಸರು ಕೇಳಿ ಹಿತವಾದ ಬಿಸಿಲು ಅಂದುಕೊಳ್ಳಬೇಡಿ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಮೆಕ್ಸಿಕೋ ಕೊಲ್ಲಿ, ನಡುವೆ ನಾಲಿಗೆಯ ಹಾಗೆ ಚಾಚಿದ ನೆಲ. ನೆಲ ಕಾದಂತೆ ಎರಡೂ ಕಡೆಯ ಕಡಲಗಾಳಿ ಒಳಕ್ಕೆ ನುಗ್ಗಿ, ಡಿಕ್ಕಿ ಹೊಡೆದು, ಮೇಲಕ್ಕೇರಿ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಧೋ ಅಂತ ಮಳೆ. ಬೇಸಿಗೆಯಲ್ಲಿ ಬಹುತೇಕ ದಿನ ಇದೇ ಕಥೆ. ದಾವಣಗೆರೆಯ ಒಣ ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ, ಮೇ ಕೊನೆಯ ಮಂಗಳೂರು ನೆನೆಸಿಕೊಳ್ಳಿ. ಹಾಗಾಗಿ ಬೆಳಗ್ಗೆ ಏಳಕ್ಕೆ ಹೊರಡಿ, ಒಂದು ಗಂಟೆಗೆ ಮನೆಗೆ ಬಂದುಬಿಡಿ. ಗುಡುಗು ಕೇಳಿದರೆ ನೀರಿನಿಂದ ಎದ್ದು ಒಳಗೆ ಹೋಗಿ, ಕೊನೆಯ ಗುಡುಗು ಆಗಿ ಅರ್ಧ ಗಂಟೆ ಕಳೆಯೋವರೆಗೆ ಹೊರಗೆ ಬರಬೇಡಿ. ಚಂಡಮಾರುತದ ಕಾಲವೂ ಜೂನ್ 1ರಿಂದಲೇ ಶುರು, ಆದರೆ ಅದರ ಚಿಂತೆ ಮಗಳಿಗೆ ಬಿಡಿ, ಅವರಿಗೆ ಅಭ್ಯಾಸವಾಗಿರುತ್ತದೆ.

ಹಾಗಾದರೆ ಎಲ್ಲಿಗೆ? ಚಿಲುಮೆಗಳಿಗೆ. ಫ್ಲಾರಿಡಾದ ನೆಲದಡಿ ಸುಣ್ಣಕಲ್ಲು. ಬಿದ್ದ ಮಳೆ ಅದರೊಳಗೆ ಇಳಿದು, ಸೋಸಿ, ಎಷ್ಟೋ ಕಡೆ ಗಾಜಿನಂಥ ನೀರಾಗಿ ಮೇಲೆ ಉಕ್ಕುತ್ತದೆ. ವರ್ಷವಿಡೀ ಸುಮಾರು 22 ಡಿಗ್ರಿ. ಆ ಸೆಖೆಯಲ್ಲಿ ಕಾಲಿಟ್ಟರೆ ಮೈಯೆಲ್ಲ ಜುಮ್ ಅನ್ನುತ್ತದೆ. ಓಕಾಲಾ ಹತ್ತಿರದ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಗಳಿವೆ, 1870ರ ದಶಕದಿಂದ ನಡೆದು ಬಂದ ಪದ್ಧತಿ. ಅಮ್ಮನವರು ಕೂತಲ್ಲೇ ಕೂತು ಮೀನು, ಆಮೆ, ನೀರು ಉಕ್ಕುವ ಬಾಯಿ ಎಲ್ಲ ನೋಡಬಹುದು. ಮೊಮ್ಮಕ್ಕಳಿದ್ದರೆ ವೀಕಿ ವಾಚಿ. ಅಲ್ಲಿ 1947ರಿಂದ ಹುಡುಗಿಯರು ಮತ್ಸ್ಯಕನ್ಯೆಯರ ವೇಷ ಹಾಕಿ, ಕೊಳವೆಯಿಂದ ಉಸಿರೆಳೆದುಕೊಳ್ಳುತ್ತಾ ಚಿಲುಮೆಯೊಳಗೇ ಆಟ ಆಡಿ ತೋರಿಸುತ್ತಾರೆ. ಸ್ವಲ್ಪ ಹಳೇ ಕಾಲದ ಜಾತ್ರೆ ಥರ ಇದೆ, ನನಗಂತೂ ಅದೇ ಇಷ್ಟ.

ಮ್ಯಾನಟಿ ನೋಡಲೇಬೇಕು ಅಂತ ಪಟ್ಟಿಯಲ್ಲಿದ್ದರೆ ಹೊಮೊಸಾಸಾಗೆ ಹೋಗಿ. ಈ ಕಡಲಹಸು ಮೂರು ಮೀಟರ್ ಉದ್ದದ ಸಾಧು ಪ್ರಾಣಿ, ನೀರುಗಿಡ ಮೇಯುತ್ತದೆ, ಚಳಿ ತಡೆಯದು. ಅದಕ್ಕೇ ಚಳಿಗಾಲದಲ್ಲಿ ಚಿಲುಮೆಗಳಿಗೆ ಬಂದು ಗುಂಪುಗೂಡುತ್ತದೆ, ಬೇಸಿಗೆಯಲ್ಲಿ ನದಿ, ಕಡಲು ಅಂತ ತಿರುಗಲು ಹೋಗಿರುತ್ತದೆ. ಹೊಮೊಸಾಸಾದಲ್ಲಿ ಗಾಯಗೊಂಡವನ್ನು ಇಟ್ಟು ಸಾಕುತ್ತಾರೆ, ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ನೋಡುವ ಕಿಟಕಿಗಳೂ ಇವೆ. ಶನಿವಾರ ಭಾನುವಾರ ಮಾತ್ರ ಬೇಡ, ಈ ಪಾರ್ಕುಗಳು ಬೆಳಗ್ಗೆಯೇ ತುಂಬಿ ಗೇಟು ಹಾಕಿಬಿಡುವುದುಂಟು.

ಬುತ್ತಿ ಕಟ್ಟಿಕೊಂಡು ಹೋಗಿ, ಪುಳಿಯೋಗರೆ ಮೊಸರನ್ನ ಸಾಕು. ಒಂದು ಸ್ವೆಟರೂ ಇರಲಿ. ಸೆಖೆಗಲ್ಲ, ಅಂಗಡಿ ಹೋಟೆಲುಗಳ ಎಸಿಗೆ.

ಈಗ ಕರಿಬೇವು. ಬೇಡ ಮೇಷ್ಟ್ರೇ, ಒಂದು ಕಡ್ಡಿಯೂ ಬೇಡ. ಕರಿಬೇವು ಕಿತ್ತಳೆ, ನಿಂಬೆಯ ಬಳಗದ್ದು. ಅದರ ಮೇಲೆ ಕೂರುವ ಒಂದು ಪುಟ್ಟ ಕೀಟ ಕಿತ್ತಳೆ ಗಿಡಗಳಿಗೆ ಮದ್ದಿಲ್ಲದ ರೋಗ ಹರಡುತ್ತದೆ. 2005ರಲ್ಲಿ ಆ ರೋಗ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ತೋಟಗಳು ನೆಲಕಚ್ಚಿದವು. ಏರ್‌ಪೋರ್ಟಿನಲ್ಲಿ ಸಿಕ್ಕಿದರೆ ಕಸಿದುಕೊಳ್ಳುತ್ತಾರೆ, ಬಚ್ಚಿಟ್ಟಿದ್ದರೆ ದಂಡವೂ ಬೀಳಬಹುದು. ತಾಜಾ ಮಾವೂ ಬೇಡ. ಚಟ್ನಿಪುಡಿ, ಸಾರಿನಪುಡಿ ಒಯ್ಯಿರಿ, ತಿನ್ನೋದು ಇದೆಯಾ ಅಂತ ಕೇಳಿದಾಗ ಇದೆ ಅಂತಲೇ ಹೇಳಿ.

ಮಾವಿಗಂತೂ ಕೊರಗಬೇಕಿಲ್ಲ. ಜೂನ್ ಜುಲೈ ದಕ್ಷಿಣ ಫ್ಲಾರಿಡಾದಲ್ಲಿ ಮಾವಿನ ಸುಗ್ಗಿ. 1889ರಲ್ಲಿ ಭಾರತದಿಂದ ಅಲ್ಲಿಗೆ ಮಲಗೋವಾ ಗಿಡಗಳನ್ನು ತರಿಸಿದ್ದರು. ಕೆಲವೇ ವರ್ಷಗಳಲ್ಲಿ ಬಿದ್ದ ಹಿಮಕ್ಕೆ ಉಳಿದವು ಸತ್ತು ಒಂದು ಬದುಕಿಕೊಂಡಿತು. ಅದರ ಹಣ್ಣಿನ ಓಟೆಯನ್ನು 1902ರಲ್ಲಿ ಹೇಡನ್ ಅನ್ನುವ ಕ್ಯಾಪ್ಟನ್ ಮಯಾಮಿ ಬಳಿ ನೆಟ್ಟ, ಹಣ್ಣು ಬಿಡುವ ಹೊತ್ತಿಗೆ ಆತ ಇರಲಿಲ್ಲ, ಹೆಂಡತಿ ನೋಡಿಕೊಂಡಳು. ಅದೇ ಹೇಡನ್ ಮಾವು. ಇವತ್ತು ಅಮೆರಿಕದ ಅಂಗಡಿಗಳಲ್ಲಿ ಕಾಣುವ ಕೆಂಪು ಕೆನ್ನೆಯ ಎಷ್ಟೋ ಮಾವುಗಳು ಅದರ ಮಕ್ಕಳು ಮೊಮ್ಮಕ್ಕಳು. ಹೇಡನ್ ಸಿಕ್ಕಿದರೆ ತಿಂದು, ನಮ್ಮ ಮಲಗೋವಾಕ್ಕೆ ಸಮ ಬಂತಾ ಅಂತ ಎರಡು ಸಾಲು ಬರೆದು ತಿಳಿಸಿ.

ಹಾಂ, ಎವರ್‌ಗ್ಲೇಡ್ಸ್ ಬೇಡ ಅನ್ನೋದನ್ನು ಅಳಿಯನಿಗೆ ನೀವೇ ಹೇಳಬೇಡಿ. ಪಾಪ, ರಜೆ ಹಾಕಿ ಪಟ್ಟಿ ಮಾಡಿದ್ದಾರೆ. ಮಗಳ ಕೈಲಿ ಹೇಳಿಸಿ.

— ಸಂ.